ಲಗ್ನಪತ್ರಿಕೆ ಇಟ್ಟು ಹೊಲಿದ ಕೌದಿ

ಮಹಾರಾಷ್ಟ್ರದ ಸೊಲ್ಲಾಪುರದ ಹತ್ತಿರದ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಕೌದಿ ಇಲ್ಲದ ಮನೆ ಸಿಗುವುದು ಕಷ್ಟ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಅಂಚಿನಿಂದ ನಡುವಿನ ಕಡೆಗೆ ದಾರ ಓಡಿಸುತ್ತ ಹೋಗುವುದು. ಅದಕ್ಕೆ ಅಳತೆಪಟ್ಟಿ ಬೇಡ, ಕಣ್ಣಳತೆ ಸಾಕು. ನಾನು ಮೊಮ್ಮಗಳಿಗೆ ಹೊಲಿದದ್ದು ಮಾತ್ರ ಬೇರೆ ಬಗೆಯದು. ಇಂಗ್ಲಿಷ್ ಪೇಪರ್ ಪೀಸಿಂಗ್ ಅಂತಾರೆ. ಒಂದೊಂದು ತುಂಡಿನೊಳಗೂ ಒಂದು ಕಾಗದ ಇಟ್ಟು, ಅರಿವೆಯನ್ನು ಅದರ ಮೇಲೆ ಮಡಚಿ, ಆಮೇಲೆ ತುಂಡಿಗೆ ತುಂಡು ಕೈಯಿಂದ ಜೋಡಿಸಬೇಕು. ಜೋಡಿಸಿದ ಮೇಲೆ ಕಾಗದ ಹೊರಗೆ.

ಇದು ಹಳೇ ಪದ್ಧತಿ. ಇಂಗ್ಲೆಂಡಿನಲ್ಲಿ 1718ರಲ್ಲಿ ಹೀಗೆ ಹೊಲಿದ ರೇಷ್ಮೆ ಹೊದಿಕೆಯೊಂದು ಈಗಲೂ ಇದೆ. ಆಗೆಲ್ಲ ಹಳೇ ಪತ್ರ, ಲೆಕ್ಕದ ಹಾಳೆ ಕತ್ತರಿಸಿ ಒಳಗೆ ಇಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬಂದದ್ದು ಲಗ್ನಪತ್ರಿಕೆ. ವೈಶಾಖ ಮುಗಿಯುವ ಹೊತ್ತಿಗೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ, ಎಸೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ತೆಳ್ಳಗಿನ ಪತ್ರಿಕೆಯೇ ಬೇಕು. ಗಣಪತಿಯನ್ನು ಉಬ್ಬಿಸಿ, ಮಖಮಲ್ಲು ಅಂಟಿಸಿದ ದೊಡ್ಡವರ ಮನೆಯ ಪತ್ರಿಕೆ ಇದಕ್ಕೆ ಉಪಯೋಗವಿಲ್ಲ. ದಪ್ಪ ಕಾಗದದ ಮೇಲೆ ಮಡಿಕೆ ಚೂಪಾಗಿ ಕೂರುವುದಿಲ್ಲ.

ನಾನು ಆರಿಸಿಕೊಂಡದ್ದು ಆರು ಮೂಲೆಯ ತುಂಡು, ಒಂದೊಂದು ಬದಿ 1 ಇಂಚು. ಇಂಥ ತುಂಡು ಸುಮಾರು 2.6 ಚದರ ಇಂಚು ಜಾಗ ಮುಚ್ಚುತ್ತದೆ. 36 ಇಂಚು ಅಗಲ, 45 ಇಂಚು ಉದ್ದದ ಕೂಸಿನ ಹೊದಿಕೆಗೆ 620ರ ಮೇಲೆ ತುಂಡು ಬೇಕು. ಲೆಕ್ಕ ನೋಡಿ ಹೆದರಬೇಡಿ. ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು ಇಟ್ಟರೆ ಒಂದು ಹೂವು. ಒಂದೊಂದೇ ಹೂವು ಮಾಡಿ ಡಬ್ಬಿಗೆ ಹಾಕುತ್ತ ಹೋದರಾಯಿತು.

ಇದರಲ್ಲಿ ನಿಖರತೆ ಬೇಕಾಗಿರುವುದು ಕಾಗದಕ್ಕೆ, ಅರಿವೆಗಲ್ಲ. ಅರಿವೆಯನ್ನು ನಾನು ಎರಡೂವರೆ ಇಂಚಿನ ಚೌಕ ಮಾಡಿ, ಮೂಲೆ ಸವರಿ ಬಿಡುತ್ತೇನೆ. ಮಡಚಲು ಕಾಲಿಂಚು ಸಿಕ್ಕರೆ ಸಾಕು, ಸ್ವಲ್ಪ ಹೆಚ್ಚುಕಮ್ಮಿ ಆದರೂ ಯಾರಿಗೂ ಕಾಣುವುದಿಲ್ಲ. ಕಾಗದ ಮಾತ್ರ ಕೂದಲೆಳೆಯಷ್ಟು ತಪ್ಪಿದರೂ ಮೂರನೇ ಸಾಲಿನ ಹೊತ್ತಿಗೆ ಮೂಲೆಗಳು ಕೂಡುವುದಿಲ್ಲ. ಹಾಗಾಗಿ ತಗಡಿನ ಒಂದು ಅಚ್ಚು ಮಾಡಿಸಿಕೊಂಡೆ. ಒಂದು ಕಾಗದ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಕತ್ತರಿಸುತ್ತ ಹೋದರೆ ಅಳತೆ ದೊಡ್ಡದಾಗುತ್ತ ಹೋಗುತ್ತದೆ.

ಅರಿವೆ ಹತ್ತಿಯದೇ ಆಗಲಿ. ಸೊಲ್ಲಾಪುರದಲ್ಲಿ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗಳು ಬಹಳ, ಅಲ್ಲಿನ ಚಿಂದಿ ಸುಲಭವಾಗಿ ಸಿಗುತ್ತದೆ. ಆದರೆ ಪಾಲಿಯೆಸ್ಟರ್ ಬೆರೆತ ಬಟ್ಟೆ ಉಗುರಿನಿಂದ ಎಷ್ಟು ತೀಡಿದರೂ ಮಡಿಕೆ ಬಿಚ್ಚಿಕೊಂಡು ಏಳುತ್ತದೆ. ಖಣದ ತುಂಡು ನೋಡಲು ಚಂದ, ಎಳೆ ಬಿಚ್ಚುತ್ತದೆ. ಅದನ್ನು ಹೂವಿನ ನಡುವಿಗಷ್ಟೇ ಇಟ್ಟೆ, ಮಡಿಕೆಗೆ ಜಾಸ್ತಿ ಬಟ್ಟೆ ಬಿಟ್ಟು. ಕೆಂಪು ಬಟ್ಟೆಯನ್ನು ಮೊದಲೇ ತೊಳೆದು ಬಣ್ಣ ಬಿಡುತ್ತದೋ ನೋಡಿಕೊಳ್ಳಿ.

ಮಡಿಕೆ ನಿಲ್ಲಲು ಹಾಕುವ ಕಚ್ಚಾ ಹೊಲಿಗೆಯನ್ನು ಕಾಗದದೊಳಗಿಂದ ಹಾಯಿಸುವವರೂ ಇದ್ದಾರೆ. ನಾನು ಕಾಗದಕ್ಕೆ ಸೂಜಿ ತಾಗಿಸುವುದಿಲ್ಲ. ಒಂದು ಬದಿ ಮಡಚಿ, ಪಕ್ಕದ ಬದಿಯನ್ನೂ ಮಡಚಿದಾಗ ಮೂಲೆಯಲ್ಲಿ ಬಟ್ಟೆ ಒಂದರ ಮೇಲೊಂದು ಕೂರುತ್ತದೆ. ಆ ಎರಡು ಪದರಕ್ಕೆ ಮಾತ್ರ ಅದೇ ಜಾಗದಲ್ಲಿ ಎರಡು ಸಲ ಸೂಜಿ ಹಾಕಿ, ದಾರ ಕತ್ತರಿಸದೆ ಮುಂದಿನ ಮೂಲೆಗೆ ಹೋಗುವುದು. ಹೀಗೆ ಮಾಡಿದರೆ ಆಮೇಲೆ ದಾರ ಬಿಚ್ಚುವ ಕೆಲಸವೇ ಇಲ್ಲ. ಕಾಗದ ಹೊರಬರುತ್ತದೆ, ಹೊಲಿಗೆ ಹಿಂಬದಿಯಲ್ಲಿ ಉಳಿಯುತ್ತದೆ. ಅದೇ ಕಾಗದ ಮೂರು ನಾಲ್ಕು ಸಲ ಬರುತ್ತದೆ.

ಜೋಡಿಸುವಾಗ ಎರಡು ತುಂಡಿನ ಮುಂಬದಿ ಒಳಗೆ ಬರುವಂತೆ ಎದುರುಬದುರು ಹಿಡಿದು, ಅಂಚಿನ ಮೇಲಿಂದ ದಾರ ಸುತ್ತುತ್ತ ಹೋಗುತ್ತೇನೆ. ಸೂಜಿಗೆ ಸಿಗಬೇಕಾದದ್ದು ಮಡಿಕೆಯ ಎರಡು ಮೂರು ಎಳೆ, ಅಷ್ಟೇ. ಸೂಜಿ ಕಾಗದಕ್ಕೆ ಉಜ್ಜಿದರೆ ಬೆರಳಿಗೇ ಗೊತ್ತಾಗುತ್ತದೆ. ಒಂದು ಇಂಚಿಗೆ ಹದಿನಾಲ್ಕು ಹದಿನೈದು ಹೊಲಿಗೆ ಬಿದ್ದರೆ ಗಟ್ಟಿ. ತೀರಾ ಬಿಗಿ ಎಳೆದರೆ ಮುಂಬದಿಯಲ್ಲಿ ಹೊಲಿಗೆ ಹಲ್ಲಿನ ಹಾಗೆ ಕಾಣಿಸುತ್ತದೆ. ಮೊಳದುದ್ದದ ದಾರ ಸಾಕು, ಉದ್ದವಾದಷ್ಟೂ ಗಂಟು. ಬೂದು ಬಣ್ಣದ ದಾರ ಎಲ್ಲ ಬಣ್ಣಕ್ಕೂ ಹೊಂದಿಕೊಳ್ಳುತ್ತದೆ. ಎರಡು ತುಂಡಿನ ಸಂದಿಗೆ ಮೂರನೆಯದನ್ನು ಕೂರಿಸುವಾಗ ಕಾಗದವನ್ನು ಧೈರ್ಯವಾಗಿ ಬಾಗಿಸಿ. ಆರೂ ಬದಿ ಹೊಲಿದಾಗುವ ತನಕ ಕಾಗದ ತೆಗೆಯಬೇಡಿ.

ಮೂಲೆ ಕಟ್ಟುವ ಕೆಲಸ ಎಸ್.ಟಿ. ಬಸ್ಸಿನಲ್ಲೂ ಆಗುತ್ತದೆ. ಜೋಡಿಸುವುದು ಆಗದು, ನಮ್ಮ ರಸ್ತೆಯಲ್ಲಿ ಖಂಡಿತ ಆಗದು. ಸೊಲ್ಲಾಪುರಕ್ಕೆ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಬಹಳ ಹೊತ್ತು ನೋಡಿ, "ಅಷ್ಟು ಸಣ್ಣ ಕತ್ತರಸೋದ್ಯಾಕ, ಮತ್ತ ಕೂಡಸೋದ್ಯಾಕ ಯವ್ವಾ?" ಅಂದರು. "ಸುಮ್ನೆ ಕೂಡಲಾಕ ಆಗೂದಿಲ್ರೀ" ಅಂದೆ. ಊರು ಬರುವಷ್ಟರಲ್ಲಿ ಅವರೂ ನಾಲ್ಕು ತುಂಡು ಕಟ್ಟಿಕೊಟ್ಟಿದ್ದರು, ನನಗಿಂತ ಅಚ್ಚುಕಟ್ಟಾಗಿ.

ಎಲ್ಲ ಕೂಡಿದ ಮೇಲೆ ಅಂಚು ಗರಗಸದಂತೆ ಇರುತ್ತದೆ. ಕತ್ತರಿಸಿ ನೇರ ಮಾಡುವುದು ಸುಲಭ, ಆದರೆ ಅಷ್ಟು ಕಷ್ಟಪಟ್ಟ ತುಂಡಿಗೆ ಕತ್ತರಿ ಹಾಕಲು ನಾನು ಒಪ್ಪಲಿಲ್ಲ. ಇಸ್ತ್ರಿ ಹಾಕಿ, ಅಂಚಿನ ಕಾಗದ ತೆಗೆದು, ಇಳಕಲ್ ಸೀರೆಯ ಅಗಲ ಪಟ್ಟಿಯ ಮೇಲೆ ಆ ಹಲ್ಲುಗಳನ್ನು ಹಾಗೇ ಕೂರಿಸಿ ಹೆಮ್ಮಿಂಗ್ ಮಾಡಿದೆ.

ಒಳಗೆ ಏನು ಹಾಕುವುದು ಅನ್ನುವ ಮಾತು ಬಂದಾಗ ಸವೆದ ಸೊಲ್ಲಾಪುರ ಚಾದರ ಇತ್ತು. ಸೂಜಿ ಇಳಿಯದಷ್ಟು ದಪ್ಪ. ಎರಡು ಪದರ ಹಳೇ ಧೋತರವೇ ಸರಿಹೋಯಿತು, ಬೇಸಿಗೆಗೂ ಹಗುರ. ಆಮೇಲಿನದು ನಮ್ಮ ಅತ್ತೆಯವರ ಕೈಕೆಲಸ. ಇಂಗ್ಲಿಷರು ಒಂದೊಂದು ತುಂಡಿನ ಒಳಗೂ ಕಾಲಿಂಚು ಬಿಟ್ಟು ಸುತ್ತ ಹೊಲಿಯುತ್ತಾರೆ ಅಂತ ತೋರಿಸಿದೆ. "ಹಂಗ ಮಾಡಿದ್ರ ಕೂಸು ಲಗ್ನಕ್ಕ ಬರ್ತದ ತಂಗಿ, ಇತ್ತ ಕೊಡು" ಅಂದು ದಪ್ಪ ದಾರ ಪೋಣಿಸಿಕೊಂಡು, ಅಂಚಿನಿಂದ ಕೌದಿ ಹೊಲಿಗೆ ಶುರು ಮಾಡಿಯೇಬಿಟ್ಟರು.