ಉಬ್ಬರ-ಇಳಿತ ನೋಡಿ ಹಾಕಿದ ದಾರಿ: ಪೂರ್ವ ಕೆನಡಾದಲ್ಲಿ ಮನೆಮಂದಿಯ ಕಾರು ಪ್ರಯಾಣ

ಟೊರೊಂಟೊ ಕಡೆಯಿಂದ ಪೂರ್ವಕ್ಕೆ ಕಾರಿನಲ್ಲಿ ಹೊರಡುವವರು ಸಾಮಾನ್ಯವಾಗಿ ಮೊದಲು ಮ್ಯಾಪ್ ತೆಗೆಯುತ್ತಾರೆ. ಊರಿಗೆ ಊರು ಸೇರಿಸುತ್ತಾ ಹೋಗುತ್ತಾರೆ. ನಾವು ಮೊದಲು ತೆಗೆದದ್ದು ಅಟ್ಲಾಂಟಿಕ್ ಕರಾವಳಿಯ ಫಂಡಿ ಕೊಲ್ಲಿಯ ಉಬ್ಬರ-ಇಳಿತದ ವೇಳಾಪಟ್ಟಿ. ಅದನ್ನು ನೋಡಿ, ಆ ಕೊಲ್ಲಿಯ ದಡದಲ್ಲಿ ನೀರು ಕೊರೆದ ಬಂಡೆಗಳಿರುವ ಹೋಪ್‌ವೆಲ್ ರಾಕ್ಸ್‌ಗೆ ಯಾವ ದಿನ ಹೋಗಬೇಕು ಅಂತ ಗಟ್ಟಿ ಮಾಡಿಕೊಂಡೆವು. ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಕೂತಿತು. ಇಡೀ ಪ್ರಯಾಣದಲ್ಲಿ ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ಒಂದು ನಿರ್ಧಾರ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಐಡಿಯಾ ಬಂದದ್ದು ಮಾವನವರಿಂದ. ಅವರು ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವರು. ಆ ಬೇಸಿಗೆಯಲ್ಲಿ ಅತ್ತೆ ಮಾವ ನಮ್ಮ ಜೊತೆ ಮಿಸ್ಸಿಸಾಗಾದಲ್ಲಿದ್ದರು. ಸಮುದ್ರ ನೋಡೋಕೆ ಹೋಗುವುದು ಅಂತ ಗೊತ್ತಾದ ತಕ್ಷಣ ಅವರು ಕೇಳಿದ್ದು ತಿಥಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ ಅಂತ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. "ಹುಣ್ಣಿಮಿ ಹತ್ರ ಹೋಪ" ಅಂದರು. ಕೆನೇಡಿಯನ್ ಹೈಡ್ರೋಗ್ರಾಫಿಕ್ ಸರ್ವಿಸ್‌ನವರ ಪಟ್ಟಿ ತೆಗೆದು ನೋಡಿದರೆ ಹುಣ್ಣಿಮೆ ಕಳೆದ ಮೇಲೆ ನಮಗೆ ಬೇಕಾದ ಹಾಗೇ ಇತ್ತು. ಬೆಳಿಗ್ಗೆ ಇಳಿತ, ಮಧ್ಯಾಹ್ನ ಊಟದ ನಂತರ ಉಬ್ಬರ. ಅಂದರೆ ಒಂದೇ ಹಗಲಿನಲ್ಲಿ ಎರಡೂ ನೋಡಬಹುದು. ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ. ಹಾಗಾಗಿ ಸುಮ್ನೆ ಯಾವುದೋ ಶನಿವಾರ ಹೋದರೆ ಕೈಗೆ ಸಿಗುವುದು ಅರ್ಧ ನೋಟ ಮಾತ್ರ.

ಮಿಸ್ಸಿಸಾಗಾದಿಂದ ಕ್ವಿಬೆಕ್ ಸಿಟಿಗೆ 800 ಕಿ.ಮೀ.ಗೂ ಹೆಚ್ಚು. ವಯಸ್ಸಾದವರು, ಮಕ್ಕಳು ಇದ್ದಾಗ ಒಂದೇ ದಿನ ಓಡಿಸುವುದು ಬೇಡ. ನಾವು 401ನೇ ಹೆದ್ದಾರಿಯಲ್ಲಿ ಹೋಗಿ ಗ್ಯಾನನಾಕ್ ಊರಿನಲ್ಲಿ ಇಳಿದೆವು. ಅಲ್ಲಿ ಸೇಂಟ್ ಲಾರೆನ್ಸ್ ನದಿಯ ಸಾವಿರ ದ್ವೀಪಗಳನ್ನು ದೋಣಿಯಲ್ಲಿ ಸುತ್ತಬಹುದು. ಹೆಸರು ಸಾವಿರ ಅಂತಿದ್ದರೂ ಲೆಕ್ಕಕ್ಕೆ 1864 ದ್ವೀಪಗಳಿವೆ. ಒಂದು ವಿಷಯ ನೆನಪಿಡಿ. ಫೋಟೊಗಳಲ್ಲಿ ಕಾಣುವ ಬೋಲ್ಟ್ ಕ್ಯಾಸಲ್ ಇರುವುದು ಅಮೆರಿಕದ ಕಡೆ. ಅಲ್ಲಿ ಇಳಿಯಬೇಕೆಂದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇಕು. ಟಿಕೆಟ್ ತೆಗೆಯುವಾಗಲೇ ಇಳಿಸದೆ ಸುತ್ತಿಸುವ ದೋಣಿ ಅಂತ ಕೇಳಿ ತೆಗೆದುಕೊಳ್ಳಿ.

ಕ್ವಿಬೆಕ್ ಪ್ರಾಂತ್ಯಕ್ಕೆ ಕಾಲಿಟ್ಟ ಕೂಡಲೇ ಬೋರ್ಡುಗಳೆಲ್ಲ ಫ್ರೆಂಚ್. ಮಾಂಟ್ರಿಯಲ್ ದ್ವೀಪದ ಮೇಲೆ ಕೆಂಪು ದೀಪ ಇರುವಾಗ ಬಲಕ್ಕೆ ತಿರುಗುವ ಹಾಗಿಲ್ಲ. ಒಂಟಾರಿಯೊದಲ್ಲಿ ಓಡಿಸಿ ಅಭ್ಯಾಸ ಆದವರ ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಹೋಗುತ್ತದೆ, ಹುಷಾರು. ಕ್ವಿಬೆಕ್ ಸಿಟಿಯ ಹಳೇ ಪೇಟೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. 1608ರಲ್ಲಿ ಕಟ್ಟಿದ ಊರು, ಕಲ್ಲಿನ ಬೀದಿ, ಎತ್ತರದಲ್ಲಿ ಶಾತೊ ಫ್ರಾಂಟನಾಕ್ ಹೋಟೆಲು. ಚೆನ್ನಾಗಿದೆ, ನೋಡಲೇಬೇಕು. ಆದರೆ ನಮ್ಮವರಿಗೆ ಅದಕ್ಕಿಂತ ಹಿಡಿಸಿದ್ದು ಹತ್ತಿರದ ಮೊಂಮೊರೆನ್ಸಿ ಜಲಪಾತ. 83 ಮೀಟರ್ ಎತ್ತರ, ನಯಾಗರಕ್ಕಿಂತ ಜಾಸ್ತಿ. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ತೂಗುಸೇತುವೆ ಮೇಲೆ ನಿಂತರೆ ಕಾಲ ಕೆಳಗೇ ನೀರು ಧುಮುಕುತ್ತದೆ. ಮೆಟ್ಟಿಲು ಹತ್ತುವ ಕಷ್ಟ ಅತ್ತೆಯವರಿಗೆ ಬರಲಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲೊಂದು ಮಾತು. ಪೂಟೀನ್ ಅಂದರೆ ಆಲೂಗಡ್ಡೆ ಫ್ರೈಸ್ ಮತ್ತು ಚೀಸ್ ಅಂದುಕೊಂಡು ತರಿಸಿಬಿಡುತ್ತೇವೆ. ಮೇಲೆ ಸುರಿಯುವ ಗ್ರೇವಿಯಲ್ಲಿ ಸಾಮಾನ್ಯವಾಗಿ ಮಾಂಸದ ಸಾರು ಇರುತ್ತದೆ. ಸಸ್ಯಾಹಾರಿ ಗ್ರೇವಿ ಇದೆಯಾ ಅಂತ ಕೇಳಿಯೇ ತಿನ್ನಿ. ನಾವು ಸಣ್ಣ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ತೆಳು ಅವಲಕ್ಕಿ, ಚಟ್ನಿಪುಡಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೆವು. ಉಳಿದುಕೊಳ್ಳಲು ಆದಷ್ಟು ಅಡುಗೆಮನೆ ಇರುವ ಕಾಟೇಜುಗಳನ್ನೇ ಹಿಡಿದೆವು. ಸಮುದ್ರದ ಪ್ರಾಂತ್ಯಗಳ ಸಣ್ಣ ಊರುಗಳಲ್ಲಿ ಎಲ್ಲಿ ನೋಡಿದರೂ ಲಾಬ್‌ಸ್ಟರ್. ಮೀನು ತಿನ್ನುವವರಿಗೆ ಹಬ್ಬ. ತಿನ್ನದವರಿಗೆ ಕುಕ್ಕರ್ ಇರಲಿ.

ರಿವಿಯೇರ್-ದು-ಲೂ ಹತ್ತಿರ ನದಿಯನ್ನು ಬಿಟ್ಟು ಬಲಕ್ಕೆ ತಿರುಗಿದರೆ ನ್ಯೂ ಬ್ರನ್ಸ್‌ವಿಕ್ ದಾರಿ. ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ. ಉಬ್ಬರದ ಪಟ್ಟಿ ಇಟ್ಟುಕೊಂಡು ಓಡಾಡುವವರಿಗೆ ಈ ಒಂದು ಗಂಟೆ ದೊಡ್ಡದು. ಕಾರಿನ ಗಡಿಯಾರವನ್ನು ಆಗಲೇ ಬದಲಾಯಿಸಿಬಿಡಿ. ದಾರಿಯಲ್ಲಿ ಹಾರ್ಟ್‌ಲ್ಯಾಂಡ್ ಊರಲ್ಲಿ ಮರದ ಛಾವಣಿ ಇರುವ ಸೇತುವೆ ಇದೆ. 391 ಮೀಟರ್ ಉದ್ದ, ಈ ತರಹದ ಸೇತುವೆಗಳಲ್ಲಿ ಜಗತ್ತಿನಲ್ಲೇ ಉದ್ದದ್ದು. ಒಂದು ಸಲಕ್ಕೆ ಒಂದೇ ಕಡೆಯ ಕಾರು ಹೋಗಬಹುದು. ಎದುರಿನವರು ದಾಟುವ ತನಕ ಕಾಯಬೇಕು. ಸುತ್ತು ಹೆಚ್ಚೇನೂ ಇಲ್ಲ, ಹೋಗಿಬನ್ನಿ.

ನಾವು ಮಾಂಕ್ಟನ್‌ನಲ್ಲಿ ಉಳಿದು ಬೆಳಿಗ್ಗೆ ಹೋಪ್‌ವೆಲ್ ರಾಕ್ಸ್‌ಗೆ ಹೊರಟೆವು. ಮುಕ್ಕಾಲು ಗಂಟೆಯೊಳಗಿನ ದಾರಿ. ಟಿಕೆಟ್ ಕೊಡುವಲ್ಲಿಂದ ಬಂಡೆಗಳ ತನಕ ಸಣ್ಣ ಗಾಡಿ ಓಡಾಡುತ್ತದೆ, ಹಿರಿಯರನ್ನು ಅದರಲ್ಲೇ ಕಳಿಸಿ. ಕೊನೆಗೆ ಕಬ್ಬಿಣದ ಮೆಟ್ಟಿಲು ಇಳಿದರೆ ನೀವು ನಿಂತಿರುವುದು ಸಮುದ್ರದ ತಳದಲ್ಲಿ.

ಸುತ್ತ ಕೆಂಗಂದು ಬಣ್ಣದ ಬಂಡೆಗಳು. ಮೇಲೆ ಅಗಲ, ನಡು ಸಣ್ಣ, ನೆತ್ತಿಯ ಮೇಲೆ ಮರಗಳು. ನೀರು ದಿನಕ್ಕೆ ಎರಡು ಸಲ ಬಂದು ಕೆಳಭಾಗವನ್ನೇ ತಿಂದು ತಿಂದು ಈ ಆಕಾರ ಬಂದಿದೆ. ಬಂಡೆಗಳು ಸಿಮೆಂಟಿನ ಹಾಗೆ ಗಟ್ಟಿಯಲ್ಲ. ಹತ್ತಿರ ಹೋಗಿ ನೋಡಿದರೆ ಮಣ್ಣಿನಲ್ಲಿ ಗುಂಡುಕಲ್ಲುಗಳನ್ನು ಒತ್ತಿ ಕೂರಿಸಿದಂತೆ ಕಾಣುತ್ತವೆ, ಕೆಲವು ಕಲ್ಲು ಬೆರಳಿಗೆ ಸಡಿಲ ಅನಿಸುತ್ತವೆ. 2016ರ ಮಾರ್ಚಿನಲ್ಲಿ ಇಲ್ಲಿನ ಹೆಸರಾಂತ 'ಆನೆ ಬಂಡೆ'ಯ ದೊಡ್ಡ ಭಾಗ ಕುಸಿದು ಬಿತ್ತು. ಬೇಲಿ ಕಟ್ಟಿದ ಕಡೆ ಹೋಗಬಾರದು ಅನ್ನುವುದು ಇದಕ್ಕೇ.

ಬಂಡೆಗಳ ಮೈಮೇಲೆ ನಮ್ಮ ತಲೆಗಿಂತ ಎಷ್ಟೋ ಮೇಲೆ ಒಂದು ಗೆರೆ ಕಾಣುತ್ತದೆ. ಗೆರೆಯ ಕೆಳಗೆಲ್ಲ ಕಂದು ಹಸಿರು ಕಡಲಪಾಚಿ, ಮೇಲೆ ಬೋಳು ಕಲ್ಲು. ನೀರು ಅಲ್ಲಿ ತನಕ ಬರುತ್ತದೆ ಅಂತ ಲೆಕ್ಕ. ಪಾಚಿಯ ಎಳೆಗಳಲ್ಲಿ ಗಾಳಿ ತುಂಬಿದ ಸಣ್ಣ ಗುಳ್ಳೆಗಳು ಇರುತ್ತವೆ. ಬೆರಳಲ್ಲಿ ಒತ್ತಿದರೆ ಪಟ್ ಅಂತ ಒಡೆಯುತ್ತವೆ. ಮಗಳು ಕಲ್ಲಿನ ಬುಡದಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ನೀರು ಬಂದಾಗ ಈ ಗುಳ್ಳೆಗಳೇ ಎಳೆಗಳನ್ನು ಮೇಲಕ್ಕೆ ತೇಲಿಸುತ್ತವೆ ಅಂತ ಅಲ್ಲಿನ ಸಿಬ್ಬಂದಿ ಹೇಳಿದ ಮೇಲೆ ಒಡೆಯುವುದನ್ನು ಬಿಟ್ಟಳು.

ಇಳಿತ ಮುಗಿದು ನೀರು ತಿರುಗಿದಾಗ ಮಾವ ನೀರಿನಂಚಿಗೆ ಒಂದು ಕಲ್ಲು ಇಟ್ಟರು. ಮಾತಾಡುತ್ತಾ ನಿಂತಿದ್ದ ಹಾಗೇ ಅದು ಮುಳುಗಿತು. ಇನ್ನೂ ಹಿಂದಕ್ಕೆ ಇನ್ನೊಂದು ಇಟ್ಟರು, ಅದೂ ಹೋಯಿತು. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಒಂದು, ಒಂದೂವರೆ ಮೀಟರ್. ಇಲ್ಲಿ ಹತ್ತು ಮೀಟರ್ ದಾಟುತ್ತದೆ, ದೊಡ್ಡ ಉಬ್ಬರದ ದಿನ 14 ಮೀಟರ್ ತನಕ ಹೋಗುತ್ತದೆ. ಆರು ಗಂಟೆ ಚಿಲ್ಲರೆಯಲ್ಲಿ ಅಷ್ಟೂ ನೀರು ಏರಬೇಕು. ಹಾಗಾಗಿ ಸಿಬ್ಬಂದಿ ಮೇಲೆ ಬನ್ನಿ ಅಂದ ಕೂಡಲೇ ಹೊರಡಬೇಕು, ಇನ್ನೊಂದು ಫೋಟೊ ಅಂತ ನಿಲ್ಲಬಾರದು.

ಯಾಕೆ ಇಷ್ಟು ಅಂತ ಮಗ ಕೇಳಿದ. ಕೊಲ್ಲಿ ಬಾಯಲ್ಲಿ ಅಗಲ, ಒಳಗೆ ಹೋದಂತೆ ಕಿರಿದು, ಆಳವೂ ಕಮ್ಮಿ. ಇದು ಒಂದು ಕಾರಣ. ಇನ್ನೊಂದು ಮುಖ್ಯ ಕಾರಣ ಇದೆ. ಕೊಲ್ಲಿಯ ನೀರು ಒಳಗೆ ತುಯ್ದು ಮತ್ತೆ ಹೊರಗೆ ಬರಲು ತೆಗೆದುಕೊಳ್ಳುವ ಸಮಯ, ಅಟ್ಲಾಂಟಿಕ್‌ನ ಎರಡು ಉಬ್ಬರಗಳ ನಡುವಿನ ಸುಮಾರು 12 ಗಂಟೆ 25 ನಿಮಿಷಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ತೊಟ್ಟಿಲು ಹಿಂದೆ ಬಂದ ಸಮಯಕ್ಕೇ ಮೆಲ್ಲಗೆ ತಳ್ಳಿದರೆ ತೂಗು ಜಾಸ್ತಿಯಾಗುತ್ತದಲ್ಲ, ಹಾಗೆ ಸಮುದ್ರ ಪ್ರತಿ ಸಲವೂ ಸರಿಯಾದ ಹೊತ್ತಿಗೇ ತಳ್ಳುತ್ತದೆ.

ಮಧ್ಯಾಹ್ನ ಬುತ್ತಿ ತಿಂದು ಮತ್ತೆ ಮೆಟ್ಟಿಲಿನ ಮೇಲಿನ ಕಟ್ಟೆಗೆ ಬಂದೆವು. ಬೆಳಿಗ್ಗೆ ಇಳಿದಿದ್ದ ಮೆಟ್ಟಿಲಿನ ಕೆಳಭಾಗ ನೀರಿನಲ್ಲಿತ್ತು. ಬಂಡೆಗಳ ನಡು ಪೂರ್ತಿ ಮುಳುಗಿ ಮರಗಳಿರುವ ನೆತ್ತಿ ಮಾತ್ರ ದ್ವೀಪಗಳಾಗಿದ್ದವು. ನಾವು ನಡೆದಾಡಿದ ಜಾಗದಲ್ಲಿ ಜನ ಕಯಾಕ್ ಹುಟ್ಟು ಹಾಕುತ್ತಿದ್ದರು. ಬೆಳಿಗ್ಗೆ ಒಂದೇ ನೋಡಿದ್ದರೆ ವಿಚಿತ್ರ ಬಂಡೆಗಳು ಅಂತ ಹೋಗುತ್ತಿದ್ದೆವು. ಮಧ್ಯಾಹ್ನ ಒಂದೇ ನೋಡಿದ್ದರೆ ಸಣ್ಣ ದ್ವೀಪಗಳು ಅಂತ. ಎರಡನ್ನೂ ನೋಡಿದ್ದರಿಂದಲೇ ನೀರಿನ ಕೆಲಸ ಕಣ್ಣಿಗೆ ಕಂಡಿತು. ಹಳೇ ಶೂ ಹಾಕಿಕೊಂಡು ಹೋಗಿ. ತಳದ ಕೆಂಪು ಕೆಸರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅದೇ 114ನೇ ರಸ್ತೆಯಲ್ಲಿ ಮುಂದೆ ಹೋದರೆ ಫಂಡಿ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಆಲ್ಮಾ ಅನ್ನುವ ಮೀನುಗಾರರ ಹಳ್ಳಿ. ಮರುದಿನ ಇಳಿತದ ಹೊತ್ತಿಗೆ ಹೋದೆವು. ಲಾಬ್‌ಸ್ಟರ್ ದೋಣಿಗಳು ದಕ್ಕೆಯ ಪಕ್ಕ ಒಣ ನೆಲದ ಮೇಲೆ ಕೂತಿದ್ದವು, ಕೆಳಗಿನ ಫ್ಯಾನೂ ಕಾಣುತ್ತಿತ್ತು. ಮಾವ ಒಂದೊಂದು ದೋಣಿಯ ಅಡಿಯನ್ನೂ ಬಗ್ಗಿ ನೋಡಿದರು. ಹಗ್ಗ ಸುತ್ತುತ್ತಿದ್ದ ಮೀನುಗಾರರೊಬ್ಬರ ಹತ್ತಿರ ಯಾವಾಗ ಕಡಲಿಗೆ ಹೋಗುತ್ತೀರಿ ಅಂತ ನನ್ನಿಂದ ಕೇಳಿಸಿದರು. ನೀರು ಬಿಟ್ಟಾಗ ಅಂತ ಉತ್ತರ ಬಂತು. ಆಮೇಲೆ ಬಲೆ, ಡೀಸೆಲ್, ಗಾಳಿ ಅಂತ ಇಬ್ಬರ ಮಾತು ಎಷ್ಟೋ ಹೊತ್ತು ನಡೆಯಿತು. ನಡುವೆ ನಾನು ಅನುವಾದಕಿ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ ಏನೆಂದರೆ ಇಂಥ ಊರಿಗೆ ಪುರುಸೊತ್ತಿನಲ್ಲಿ ಹೋಗಿ. ದೊಡ್ಡ ನಗರಗಳಲ್ಲಿ ಅವರು ನಮ್ಮ ಹಿಂದೆ ಸುಮ್ನೆ ನಡೆಯುತ್ತಾರೆ. ಇಲ್ಲಿ ಅವರೇ ಮುಂದೆ ನಡೆದರು.

ಪ್ರಿನ್ಸ್ ಎಡ್ವರ್ಡ್ ಐಲೆಂಡ್‌ಗೆ 1997ರಲ್ಲಿ ತೆರೆದ ಕಾನ್ಫೆಡರೇಶನ್ ಸೇತುವೆ ಮೇಲೆ ಹೋದೆವು, 12.9 ಕಿ.ಮೀ. ಪಕ್ಕದ ಗೋಡೆ ಎತ್ತರ ಇರುವುದರಿಂದ ಸಣ್ಣ ಕಾರಿನಲ್ಲಿ ಕೂತವರಿಗೆ ನೀರು ಅಷ್ಟಾಗಿ ಕಾಣದು. ಸೇತುವೆಗೂ ಹಡಗಿಗೂ ದುಡ್ಡು ಕಟ್ಟುವುದು ದ್ವೀಪ ಬಿಡುವಾಗ ಮಾತ್ರ. ಹಾಗಾಗಿ ಸೇತುವೆಯಲ್ಲಿ ಹೋಗಿ, ವುಡ್ ಐಲೆಂಡ್ಸ್‌ನಿಂದ ಹಡಗಿನಲ್ಲಿ ನೋವಾ ಸ್ಕೋಶಿಯಾಕ್ಕೆ ದಾಟಿದರೆ ಒಂದೇ ಸಲ ಕಟ್ಟಿದರೆ ಆಯಿತು. ಹಡಗು 75 ನಿಮಿಷ, ಸೀಟು ಮೊದಲೇ ಕಾದಿರಿಸಿ. ದ್ವೀಪದ ಮಣ್ಣು ಕಬ್ಬಿಣದ ಅಂಶದಿಂದ ಕೆಂಪು, ಹೊಲದ ತುಂಬ ಆಲೂಗಡ್ಡೆ. ರಸ್ತೆ ಬದಿ ಗೂಡಂಗಡಿಗಳಲ್ಲಿ ಚೀಲ ಇಟ್ಟು, ದುಡ್ಡಿನ ಡಬ್ಬ ಇಟ್ಟು, ಮಾರುವವರು ಮನೆಗೆ ಹೋಗಿರುತ್ತಾರೆ. ಅಲ್ಲಿ ಕೊಂಡ ಆಲೂಗಡ್ಡೆಯಿಂದ ಅತ್ತೆ ಮಾಡಿದ ಪಲ್ಯ ಬೆಣ್ಣೆಯ ಹಾಗಿತ್ತು.

ನೋವಾ ಸ್ಕೋಶಿಯಾದ ಕೇಪ್ ಬ್ರೆಟನ್ ದ್ವೀಪದಲ್ಲಿರುವ ಕ್ಯಾಬಟ್ ಟ್ರೇಲ್ ರಸ್ತೆ 298 ಕಿ.ಮೀ. ಸುತ್ತು. ಒಂದೇ ದಿನದಲ್ಲಿ ಸುತ್ತಿ ಬರುವವರಿದ್ದಾರೆ, ದಯವಿಟ್ಟು ಬೇಡ. ಗಡಿಯಾರ ತಿರುಗುವ ದಿಕ್ಕಿನಲ್ಲಿ ಹೋದರೆ ಕಾರು ಬೆಟ್ಟದ ಬದಿಗಿರುತ್ತದೆ. ಎದುರು ದಿಕ್ಕಿನಲ್ಲಿ ಹೋದರೆ ಸಮುದ್ರದ ಬದಿಗೆ, ನೋಟದ ಜಾಗಗಳಲ್ಲಿ ನಿಲ್ಲಿಸುವುದು ಸುಲಭ. ಪ್ರಪಾತ ಕಂಡರೆ ಅತ್ತೆಗೆ ತಲೆ ಸುತ್ತುತ್ತದೆ, ಅದಕ್ಕೆ ಮೊದಲನೆಯದನ್ನು ಆರಿಸಿದೆವು. ಆಗುಂಬೆ ಘಾಟಿಯಲ್ಲಿ ಓಡಿಸಿದವರಿಗೆ ಈ ರಸ್ತೆ ಕಷ್ಟವಲ್ಲ. ಇಳಿಜಾರಿನಲ್ಲಿ ಕಮ್ಮಿ ಗೇರ್ ಹಾಕಿ ಬ್ರೇಕ್ ಕಾಯದಂತೆ ನೋಡಿಕೊಳ್ಳಿ. ಫೋನ್ ಸಿಗ್ನಲ್ ಎಷ್ಟೋ ಕಡೆ ಇಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಶೆಟಿಕಾಂಪ್ ಊರಿನಲ್ಲಿ ಉಳಿದು ಸ್ಕೈಲೈನ್ ಟ್ರೇಲ್ ನಡೆಯಿರಿ. ಹೋಗಿ ಬರಲು 6.5 ಕಿ.ಮೀ., ಹೆಚ್ಚಿನದು ಸಮತಟ್ಟು. ದಾರಿಯಲ್ಲಿ ಎತ್ತರದ ತಂತಿಬೇಲಿ ಕಟ್ಟಿದ ಜಾಗ ಸಿಗುತ್ತದೆ. ಮೂಸ್ ಅನ್ನುವ ದೊಡ್ಡ ಜಾತಿಯ ಜಿಂಕೆಗಳು ಎಳೆ ಗಿಡಗಳನ್ನು ತಿಂದು ಕಾಡು ಮತ್ತೆ ಬೆಳೆಯದಂತೆ ಆಗಿರುವುದರಿಂದ ಅವುಗಳನ್ನು ಹೊರಗಿಟ್ಟು ಕಾಡು ಬೆಳೆಸುತ್ತಿದ್ದಾರೆ. ಬೇಲಿಯ ಒಳಗೂ ಹೊರಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿ. ಕೊನೆಗೆ ಮರದ ಮೆಟ್ಟಿಲುಗಳು ಬೆಟ್ಟದ ಏಣಿನ ಮೇಲೆ ಕಡಲ ಕಡೆಗೆ ಇಳಿಯುತ್ತವೆ. ಅತ್ತೆ ಮೊದಲ ಬೆಂಚಿನಲ್ಲೇ ಕೂತರು, ಅಲ್ಲಿಂದಲೂ ಸಮುದ್ರ ಪೂರ್ತಿ ಕಾಣುತ್ತದೆ. ಗಾಳಿ ಜೋರು, ಆಗಸ್ಟ್‌ನಲ್ಲೂ ಜಾಕೆಟ್ ಬೇಕು. ಸೂರ್ಯ ಮುಳುಗುವ ತನಕ ಕೂತರೆ ವಾಪಸ್ ಕತ್ತಲಲ್ಲಿ ಓಡಿಸಬೇಕಾಗುತ್ತದೆ. ಮುಸ್ಸಂಜೆ, ರಾತ್ರಿ ಮೂಸ್ ರಸ್ತೆಗೆ ಬರುವ ಹೊತ್ತು. ಅದರ ಮೈ ಎಷ್ಟು ಎತ್ತರ ಅಂದರೆ ಹೆಡ್‌ಲೈಟ್ ಬೆಳಕಿಗೆ ಬರೀ ಕಾಲುಗಳು ಸಿಗಬಹುದು. ನಾವು ಬೇಗ ಹೊರಟು ಬೆಳಕಿರುವಾಗಲೇ ಕಾಟೇಜು ಸೇರಿದೆವು.

ಹ್ಯಾಲಿಫ್ಯಾಕ್ಸ್ ಹತ್ತಿರದ ಪೆಗ್ಗೀಸ್ ಕೋವ್‌ನ ದೀಪಸ್ತಂಭಕ್ಕೆ ಬೆಳಿಗ್ಗೆ ಬೇಗ ಹೋಗಿ, ಟೂರ್ ಬಸ್ಸುಗಳು ಬರುವ ಮೊದಲು. ಅಲ್ಲಿನ ಕಪ್ಪಗೆ ಒದ್ದೆಯಾದ ಬಂಡೆಗಳ ಮೇಲೆ ಕಾಲಿಡಲೇಬೇಡಿ. ಸಮುದ್ರ ಶಾಂತವಾಗಿದ್ದರೂ ಒಂದು ದೊಡ್ಡ ಅಲೆ ಬಂದು ಎಳೆದುಕೊಂಡು ಹೋಗುತ್ತದೆ. ಹಾಗೆ ಸತ್ತವರಿದ್ದಾರೆ. ಮಕ್ಕಳ ಕೈ ಹಿಡಿದುಕೊಂಡೇ ಇರಿ.

ಸಮಯ ಕಮ್ಮಿ ಇರುವವರು ಟೊರೊಂಟೊದಿಂದ ಹ್ಯಾಲಿಫ್ಯಾಕ್ಸ್‌ಗೆ ವಿಮಾನದಲ್ಲಿ ಹೋಗಿ ಬಾಡಿಗೆ ಕಾರು ತೆಗೆದುಕೊಳ್ಳಿ. ಮಾಂಕ್ಟನ್ ಅಲ್ಲಿಂದ 260 ಕಿ.ಮೀ. ಅಷ್ಟೇ, ಹೋಪ್‌ವೆಲ್ ಕೈಬಿಡಬೇಕಿಲ್ಲ. ಜುಲೈ, ಆಗಸ್ಟ್‌ನಲ್ಲಿ ಕಾರೂ ಕಾಟೇಜೂ ಸಿಗುವುದು ಕಷ್ಟ. ಚಳಿಗಾಲದಲ್ಲೇ ಕಾದಿರಿಸಿ. ರದ್ದು ಮಾಡಲು ಬರುವಂಥದ್ದನ್ನೇ ನೋಡಿ ತೆಗೆದುಕೊಳ್ಳಿ. ಅಕ್ಕಿ, ಬೇಳೆ, ಕರಿಬೇವು ಹ್ಯಾಲಿಫ್ಯಾಕ್ಸ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಕುಕ್ಕರ್ ಮಾತ್ರ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಿ.