ಹೊಸ ಮನೆಯ ಮುಂದಿನ ಹತ್ತಡಿ: ಮಣ್ಣು, ಕಲ್ಲು, ಗಿಡ ಆರಿಸಿದ ಬಗೆ

ಜಾಗ ಬೆಂಗಳೂರಿನ 40×60 ಸೈಟು, ಪೂರ್ವಕ್ಕೆ ಮುಖ. ಮುಂದೆ ಹತ್ತಡಿ, ಎರಡು ಪಕ್ಕಗಳಲ್ಲಿ ಐದೈದು ಅಡಿ ಖಾಲಿ. ಕಾರು ನಿಲ್ಲುವ ಭಾಗ, ಗೇಟಿನ ದಾರಿ ಕಳೆದರೆ ಮುಂದುಗಡೆ ತೋಟಕ್ಕೆ ಉಳಿದದ್ದು 10 ಅಡಿ ಅಗಲ, 20 ಅಡಿ ಉದ್ದ. ಇಷ್ಟು ಜಾಗದಲ್ಲಿ ಮೊದಲು ಆರಿಸಬೇಕಾದ್ದು ಗಿಡವಲ್ಲ, ಮಣ್ಣು ಮತ್ತು ಕಲ್ಲು. ಅವೆರಡು ತೀರ್ಮಾನವಾದರೆ ಯಾವ ಗಿಡ ಬದುಕುತ್ತದೆ ಅನ್ನುವುದೂ ಬಹುಪಾಲು ತೀರ್ಮಾನವಾದ ಹಾಗೆ. ನರ್ಸರಿಗೆ ಹೋಗುವುದು ಕೊನೆಯ ಕೆಲಸ.

ಕಟ್ಟಡ ಮುಗಿದ ಮನೆಯ ಸುತ್ತ ಅಗೆದು ನೋಡಿದರೆ ಸಿಗುವುದು ಗಾರೆ ಚೂರು, ಇಟ್ಟಿಗೆ ಪುಡಿ, ಜಲ್ಲಿ, ಪ್ಲಾಸ್ಟರ್ ಉದುರು. ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಹರಡಿರುತ್ತಾರೆ, ನೋಡಲು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಕೆಳಗಿನ ಸಿಮೆಂಟಿನ ಸುಣ್ಣದಲ್ಲಿ. ಸುಣ್ಣ ಹೆಚ್ಚಾದರೆ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಎಳೆದುಕೊಳ್ಳಲಾರದು. ಇದನ್ನು ಮೊದಲು ತೋರಿಸುವ ಗಿಡ ಕೇಪಳ, ಅಂದರೆ ನರ್ಸರಿಯವರ ಇಕ್ಸೋರಾ. ಎಳೆ ಎಲೆಯ ನರಗಳು ಹಸಿರಾಗಿಯೇ ಉಳಿದು, ನಡುವಿನ ಜಾಗ ತಿಳಿ ಹಳದಿಗೆ ತಿರುಗುತ್ತದೆ. ಕೆಳಗಿನ ಹಳೆ ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ. ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಹಾಕಿದರೆ ಏನೂ ಪ್ರಯೋಜನವಿಲ್ಲ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಉಪ್ಪು) ಲೀಟರಿಗೆ 3ರಿಂದ 5 ಗ್ರಾಂ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಆ ಎಲೆ ಹಸಿರಾಗುತ್ತದೆ, ಮುಂದೆ ಬರುವ ಎಲೆ ಮತ್ತೆ ಹಳದಿಯೇ. ಸುಣ್ಣದ ಮಣ್ಣಿಗೆ ಅನ್ನಭೇದಿ ಸುರಿದರೆ ಅದೂ ಅಲ್ಲೇ ಕಟ್ಟಿಕೊಂಡುಬಿಡುತ್ತದೆ. ಮಣ್ಣು ಬದಲಿಸುವುದೇ ಸರಿಯಾದ ದಾರಿ.

ಪರೀಕ್ಷೆ ಸುಲಭ. ಅರ್ಧ ಅಡಿ ಆಳದಿಂದ ಒಂದು ಹಿಡಿ ಒಣ ಮಣ್ಣು ತೆಗೆದು, ಅದರ ಮೇಲೆ ನಾಲ್ಕು ಚಮಚ ವಿನೆಗರ್ ಹಾಕಿ. ನೊರೆ ಬುಸಬುಸ ಎದ್ದರೆ ಸುಣ್ಣ ಇದೆ. ಇನ್ನೊಂದು ಪರೀಕ್ಷೆ ನೀರಿನದು: ಒಂದಡಿ ಆಳದ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲ ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಮಾರನೇ ದಿನವೂ ನೀರು ನಿಂತಿದ್ದರೆ ಕೆಳಗೆ ಗಾರೆ ಹೆಪ್ಪುಗಟ್ಟಿದೆ, ಹಾರೆ ಹಾಕಿ ಒಡೆಯಲೇಬೇಕು.

ನಾನು ಒಂದೂವರೆ ಅಡಿ ತೆಗೆಸಿ, ಅದರ ತಳವನ್ನು ಹಾರೆಯಿಂದ ಇನ್ನರ್ಧ ಅಡಿ ಸಡಿಲ ಮಾಡಿಸಿದೆ. 10×20 ಜಾಗಕ್ಕೆ ಒಂದೂವರೆ ಅಡಿ ಅಂದರೆ 300 ಘನ ಅಡಿ. ಹೊಸ ಮಣ್ಣು ಕೂರುತ್ತದೆ, ಹಾಗಾಗಿ 360 ಘನ ಅಡಿ ಲೆಕ್ಕ ಹಿಡಿಯಬೇಕು: ಕೆಂಪು ಮಣ್ಣು 180, ಕಳಿತ ಕೊಟ್ಟಿಗೆ ಗೊಬ್ಬರ 90, ಮರಳು 90. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಬೇಕು. ಕಲ್ಲಿನ ಹಿಟ್ಟು ಇರುವ ಮರಳು ಮಣ್ಣನ್ನು ಗಟ್ಟಿ ಮಾಡುತ್ತದೆ. ಗೊಬ್ಬರವನ್ನು ಲೋಡು ಇಳಿಸುವ ಮೊದಲು ರಾಶಿಯ ಒಳಗೆ ಕೈ ಹಾಕಿ ನೋಡಿ. ಬಿಸಿ ಇದ್ದರೆ, ಸಗಣಿ ವಾಸನೆ ಬಂದರೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುಡಿದ ಬಿಳಿ ಗೊಣ್ಣೆಹುಳ ಕಂಡರೆ ವಾಪಸ್ ಕಳಿಸಿ. ಆ ಹುಳ ಬೇರು ತಿನ್ನುತ್ತದೆ. ಜೊತೆಗೆ ನೂರು ಚದರಡಿಗೆ 2 ಕೆಜಿ ಬೇವಿನ ಹಿಂಡಿ ಸೇರಿಸಿ.

ಮಣ್ಣು ತುಂಬಿದ ಕೂಡಲೇ ಗಿಡ ನೆಡಬಾರದು. ಕೆರೆ, ಹೊಲದ ಕಡೆಯಿಂದ ಬರುವ ಮಣ್ಣಿನಲ್ಲಿ ಜೇಕು ಎಂಬ ಕಳೆಯ ಗಡ್ಡೆ ಇದ್ದೇ ಇರುತ್ತದೆ. ಮೂರು ವಾರ ಬರಿ ನೀರು ಬಿಟ್ಟು ಕಾಯಿರಿ. ಮೊಳೆತ ಜೇಕನ್ನು ಮೇಲಿನಿಂದ ಕೀಳದೆ, ಗುದ್ದಲಿಯಿಂದ ಗಡ್ಡೆ ಸಮೇತ ಎತ್ತಬೇಕು. ಈ ಮೂರು ವಾರದಲ್ಲಿ ಮಣ್ಣೂ ಕೂರುತ್ತದೆ. ಕೊನೆಗೆ ಪಾತಿಯ ಮಟ್ಟ ಮನೆಯ ಪಾಯದ ಮೇಲ್ಮಟ್ಟಕ್ಕಿಂತ ಆರು ಇಂಚಾದರೂ ಕೆಳಗಿರಬೇಕು. ಗೋಡೆಗೆ ತಾಗಿ ಮಣ್ಣು ಏರಿಸಿದರೆ ಒದ್ದೆ, ಅದರ ಹಿಂದೆಯೇ ಗೆದ್ದಲು. ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಪಟ್ಟಿ ಬಿಟ್ಟು 20 ಎಂಎಂ ಜಲ್ಲಿಯನ್ನು ಮೂರು ಇಂಚು ಹಾಕಿದ್ದೇನೆ. ಅದರಡಿ ನೀರು ಇಳಿಯಲು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಪ್ಲಾಸ್ಟಿಕ್ ಶೀಟ್ ಹಾಕಿದರೆ ನೀರು ಕೆಳಗಿಳಿಯದೆ ಗೋಡೆಯತ್ತ ಸರಿಯುತ್ತದೆ.

ಕಲ್ಲಿನ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿ ಹೊರಾಂಗಣಕ್ಕೆ ನನ್ನ ಮೊದಲ ಆಯ್ಕೆ ಸಾದರಹಳ್ಳಿ ಬೂದು ಗ್ರಾನೈಟ್, ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್. ಮಳೆಯಲ್ಲಿ ಜಾರುವುದಿಲ್ಲ, ಕಾರಿನ ಭಾರಕ್ಕೂ ತಡೆಯುತ್ತದೆ. ಕಡಪ ಕಲ್ಲು ಅಗ್ಗ. ಆದರೆ ಕಪ್ಪಗಿರುವುದರಿಂದ ಬಿಸಿಲಿಗೆ ಕಾದು ಪಕ್ಕದ ಗಿಡದ ಬುಡವನ್ನೂ ಒಣಗಿಸುತ್ತದೆ; ನುಣುಪು ಮಾಡಿದ್ದು ಒದ್ದೆಯಾದರೆ ಜಾರುತ್ತದೆ. ಕಡಪ, ಶಹಾಬಾದ್, ಕೋಟಾ ಮೂರೂ ಸುಣ್ಣದ ಕಲ್ಲುಗಳೇ. ಆಸಿಡ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಮೇಲ್ಮೈ ಹಾಳಾಗುತ್ತದೆ, ತೊಳೆದ ನೀರು ಪಾತಿಗೂ ಹೋಗುತ್ತದೆ. ಕಲ್ಲಿನ ಬದಲು ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಬೇಕೆಂದರೆ ನಡೆಯುವ ಜಾಗಕ್ಕೆ 60 ಎಂಎಂ, ಕಾರಿನ ಜಾಗಕ್ಕೆ 80 ಎಂಎಂ. ಆರು ಇಂಚು ಜಲ್ಲಿ-ಡಸ್ಟ್ ಹಾಕಿ ದಿಮ್ಮಸು ಹೊಡೆಯದೆ ಬರೀ ಮರಳಿನ ಮೇಲೆ ಕೂರಿಸಿದರೆ ಒಂದೇ ಮಳೆಗಾಲಕ್ಕೆ ಚಕ್ರದ ಜಾಡು ಬೀಳುತ್ತದೆ. ಅಂಚಿಗೆ ಕಲ್ಲಿನ ಕಟ್ಟು ಇಲ್ಲದಿದ್ದರೆ ಇಡೀ ಹಾಸು ಹರಡಿಕೊಳ್ಳುತ್ತದೆ.

ತೋಟದೊಳಗಿನ ದಾರಿಗೆ ಎರಡು ಇಂಚು ದಪ್ಪ, ಒಂದೂವರೆ ಅಡಿ ಚೌಕದ ಬಿಡಿ ಚಪ್ಪಡಿಗಳನ್ನು ಮಧ್ಯದಿಂದ ಮಧ್ಯಕ್ಕೆ ಎರಡಡಿ ಅಂತರದಲ್ಲಿ ಮರಳಿನ ಮೇಲೆ ಕೂರಿಸಿದೆ. ಸಂದಿಗೆ ಸಿಮೆಂಟ್ ಹಾಕಬೇಡಿ, ನೀರು ಇಂಗಲಿ. ಎಲ್ಲ ಕಲ್ಲಿಗೂ ಕಾಂಪೌಂಡಿನ ಕಡೆಗೆ ಎಂಟಡಿಗೆ ಒಂದು ಇಂಚು ಇಳಿಜಾರು, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದೇ ಕೊಡಬೇಕು. ಪಾತಿಯ ಮಣ್ಣು ಪಕ್ಕದ ಕಲ್ಲಿಗಿಂತ ಎರಡು ಇಂಚು ತಗ್ಗಿರಲಿ, ಇಲ್ಲವಾದರೆ ಪ್ರತಿ ಮಳೆಗೂ ಕೆಂಪು ರಾಡಿ ದಾರಿಗೆ ಬರುತ್ತದೆ.

ಇನ್ನು ಬಿಸಿಲು. ಪೂರ್ವದ ಮುಂಭಾಗಕ್ಕೆ ಕಾಂಪೌಂಡು, ಎದುರು ಮನೆ ದಾಟಿ ಬಿಸಿಲು ಬೀಳುವಷ್ಟರಲ್ಲಿ ಎಂಟು ಗಂಟೆ. ಮಧ್ಯಾಹ್ನ ಮೀರಿದರೆ ನಮ್ಮ ಮನೆಯದೇ ನೆರಳು. ಒಟ್ಟು ಸಿಗುವುದು ನಾಲ್ಕು ತಾಸಿನ ಬಿಸಿಲು. ಲಾನಿಗೆ ಹಾಕುವ ಮೆಕ್ಸಿಕನ್ ಹುಲ್ಲಿಗೆ ಐದಾರು ತಾಸು ಬೇಕು. ಅಷ್ಟಿಲ್ಲದ ಕಡೆ ಅದು ತೆಳುವಾಗಿ, ನಡುವೆ ಪಾಚಿ ಕಟ್ಟುತ್ತದೆ. ಹಾಗಾಗಿ ಲಾನ್ ಬೇಡವೆಂದು ಪಿಂಟೊ ಶೇಂಗಾ ಹಾಕಿದೆ. ಶೇಂಗಾ ಎಲೆಯಂಥದೇ ಎಲೆ, ಹಳದಿ ಹೂವು, ಅರೆ ನೆರಳು ಸಾಕು. ದಂಟನ್ನು ಎಂಟು ಇಂಚಿಗೊಂದರಂತೆ ಊರಿದರೆ ಹಬ್ಬಿಕೊಳ್ಳುತ್ತದೆ. ವೆಡೆಲಿಯಾ ಬೇಗ ಹಬ್ಬುತ್ತದೆಂದು ಹಾಕುವವರಿದ್ದಾರೆ. ಅದು ಬೇರೆ ಗಿಡಗಳನ್ನು ನುಂಗಿಬಿಡುತ್ತದೆ, ಕಿತ್ತ ದಂಟನ್ನು ಬಿಸಾಡಿದಲ್ಲೇ ಬೇರು ಬಿಡುತ್ತದೆ.

ಪಕ್ಕದ ಓಣಿಗಳ ಲೆಕ್ಕ ಬೇರೆ. ಬೆಂಗಳೂರಿರುವ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಬೇಸಿಗೆಯಲ್ಲಿ ನೋಡಿ ಉತ್ತರದ ಓಣಿಗೆ ಬಿಸಿಲಿದೆ ಅಂದುಕೊಂಡರೆ ಡಿಸೆಂಬರಿನಲ್ಲಿ ಅಲ್ಲಿ ಪೂರ್ತಿ ನೆರಳು. ಅಲ್ಲಿಗೆ ಜರೀಗಿಡ, ಒದ್ದೆ ಇರುವಲ್ಲಿ ಒಂದೆಲಗ, ಕೆಸು. ಅರಿಶಿನವೂ ಒಗ್ಗುತ್ತದೆ. ಜೂನಿನಲ್ಲಿ ಗಡ್ಡೆ ಊರಿದರೆ ಸಂಕ್ರಾಂತಿ ಕಳೆದ ಮೇಲೆ ಎಲೆ ಒಣಗುತ್ತದೆ, ಗಿಡ ಸತ್ತಿತೆಂದು ಗಾಬರಿ ಬೇಡ.

ಮುಂಭಾಗಕ್ಕೆ ಆರಿಸಿದ್ದು ಇಷ್ಟೇ: ಸಂಪ್‌ನಿಂದ ದೂರದ ಮೂಲೆಗೆ ಒಂದು ಪಾರಿಜಾತ, ನಾಲ್ಕಡಿ ಅಂತರದಲ್ಲಿ ಎರಡು ನಂದಿಬಟ್ಟಲು, ಒಂದು ದಾಸವಾಳ, ದಾರಿಯ ಅಂಚಿಗೆ ಒಂದಡಿಗೊಂದರಂತೆ ಗಿಡ್ಡ ತಳಿಯ ಕೇಪಳ. ಸಂಪ್, ಚೇಂಬರುಗಳ ಹತ್ತಿರ ಕುಂಡ ಮಾತ್ರ. ಅತ್ತಿ, ಅರಳಿ, ರಬ್ಬರ್ ಗಿಡ, ಫೈಕಸ್ ಬೆಂಜಮಿನಾ ಈ ಅಳತೆಯ ಸೈಟಿಗೆ ಬೇಡವೇ ಬೇಡ. ಬೇರು ಪೈಪಿನ ಜಾಯಿಂಟು ಹುಡುಕಿಕೊಂಡು ಹೋಗುತ್ತದೆ. ನುಗ್ಗೆ ಕಿಟಕಿ ಪಕ್ಕ ಬೇಡ, ಕಂಬಳಿಹುಳದ ಕಾಟ. ಬೋಗನ್‌ವಿಲಿಯಾಗೆ ಇಡೀ ದಿನದ ಬಿಸಿಲು ಬೇಕು, ಅದು ತಾರಸಿಗೆ. ನೀರು ಹೆಚ್ಚು ಕೊಟ್ಟರೆ ಅದರಲ್ಲಿ ಬರೀ ಎಲೆ. ಮಣ್ಣು ಬದಲಿಸಲು ಆಗದೇ ಇರುವವರಿಗೆ ಸುಣ್ಣ ತಡೆಯುವ ದೇವಕಣಗಿಲೆ ಒಳ್ಳೆಯದು. ಕಣಗಿಲೆಯೂ ತಡೆಯುತ್ತದೆ, ಆದರೆ ಪೂರ್ತಿ ಗಿಡವೇ ವಿಷ, ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ನರ್ಸರಿಯಲ್ಲಿ ಹೂ ತುಂಬಿದ ದೊಡ್ಡ ಗಿಡಕ್ಕೆ ಮರುಳಾಗಬೇಡಿ. ಕವರಿನ ತಳ ನೋಡಿ: ಬೇರು ಹೊರಬಂದು ನೆಲ ಹಿಡಿದಿದ್ದರೆ, ಒಳಗೆ ಸುತ್ತಿ ಸುತ್ತಿ ಉಂಡೆಯಾಗಿದ್ದರೆ ಅದು ನೆಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ, ಮಣ್ಣಿಗೆ ಇಳಿಯುವುದಿಲ್ಲ. ಒಂದೂವರೆ ಅಡಿ ಎತ್ತರದ, ಬುಡದಿಂದಲೇ ಎರಡು ಮೂರು ಕವಲೊಡೆದ ಗಿಡ ಸಾಕು. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೂರು ಇಂಚು ಮೇಲಿರಲಿ.

ನೆಡುವುದು ಜೂನ್ ಮೊದಲ ಮಳೆಗಳು ಬಂದ ಮೇಲೆ, ಸಂಜೆ ಹೊತ್ತು. ಬುಡಕ್ಕೆ ಒಣ ಎಲೆ ಎರಡು ಇಂಚು ಹಾಸಿ, ಕಾಂಡದಿಂದ ಮೂರು ಇಂಚು ದೂರ ಬಿಡಿ, ತಾಗಿದರೆ ಕೊಳೆಯುತ್ತದೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬರುತ್ತದೆ. ಮೊದಲು ನೀರನ್ನು ಜೋರಾಗಿ ಹಾಯಿಸಿ ಉದುರಿಸಿ, ಆಮೇಲೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, 2 ಎಂಎಲ್ ದ್ರವ ಸೋಪು ಸೇರಿಸಿ ಎಲೆಯ ಅಡಿಗೆ ಬೀಳುವ ಹಾಗೆ ವಾರಕ್ಕೊಮ್ಮೆ, ಮೂರು ವಾರ ಸಿಂಪಡಿಸಿ. ಇರುವೆ ಓಡಾಡುತ್ತಿದ್ದರೆ ಅವನ್ನೂ ತಡೆಯಬೇಕು, ತಿಗಣೆಯನ್ನು ಕೊಂಬೆಯಿಂದ ಕೊಂಬೆಗೆ ಸಾಗಿಸುವುದು ಅವೇ.