ಸಬ್‌ಪೀನಾ ಬಂತು, ಕೊಡೋಕೆ ಐಪಿ ಇರಲಿಲ್ಲ: ನನ್ನ ಅನುಭವ

ಫೆಬ್ರುವರಿಯ ಒಂದು ಮಂಗಳವಾರ ಅಮೆರಿಕದಲ್ಲಿ ನಾನು ನಡೆಸುವ ಪುಟ್ಟ ಸೋಶಿಯಲ್ ಮೀಡಿಯಾ ಸರ್ವರ್‌ನ ಅಡ್ಮಿನ್ ಮೇಲ್‌ಗೆ ಒಂದು ಪಿಡಿಎಫ್ ಬಂತು. ಅದು ಸಬ್‌ಪೀನಾ, ಅಂದರೆ ದಾಖಲೆ ಕೊಡಿ ಅಂತ ಕೇಳುವ ಕಾನೂನು ಕಾಗದ. ಮೇಲ್ಗಡೆ ಸರ್ಕಾರಿ ಮುದ್ರೆ. ನಮ್ಮ ಸದಸ್ಯರೊಬ್ಬರ ಹೆಸರು, ವಿಳಾಸ, ಫೋನ್ ನಂಬರ್, ಲಾಗಿನ್ ಆದ ಹೊತ್ತು, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಎಲ್ಲಿಂದ ಬಂದರು ಅಂತ ತೋರಿಸುವ ನಂಬರ್), ದುಡ್ಡು ಕಟ್ಟಿದ್ದರೆ ಅದರ ವಿವರ, ಎಲ್ಲವನ್ನೂ ಎರಡು ವಾರದೊಳಗೆ ಕೊಡಿ ಅಂತ ಇತ್ತು. ವಲಸೆ ವಿಚಾರಣೆಗೆ ಬೇಕಂತೆ. ಕೆಳಗೆ ಅಧಿಕಾರಿಯ ಸಹಿ ಇತ್ತು, ನ್ಯಾಯಾಧೀಶರ ಸಹಿ ಇರಲಿಲ್ಲ. ಸುಮಾರು ಆರು ವಾರ ಕಳೆದ ಮೇಲೆ ಎರಡೇ ಸಾಲಿನ ಮೇಲ್ ಕಳಿಸಿ ಅದನ್ನು ವಾಪಸ್ ತಗೊಂಡರು. ಆ ಸದಸ್ಯರ ಒಂದು ಐಪಿಯೂ ನಮ್ಮಿಂದ ಹೋಗಲಿಲ್ಲ. ಹೋಗೋಕೆ ಇರಲೂ ಇಲ್ಲ.

"ಐಪಿ ಇಟ್ಟುಕೊಳ್ಳದೆ ಸರ್ವರ್ ನಡೆಸೋದು ಆಗೋ ಮಾತಲ್ಲ" ಅಂದವರು ಬಹಳ ಜನ. ಸರ್ವರ್ ನಡೆಸುವ ಗೆಳೆಯರೇ ಅಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರೋದು ನ್ಯೂಜೆರ್ಸಿಯ ಎಡಿಸನ್ ಹತ್ತಿರ. 2022ರ ಕೊನೆಯಲ್ಲಿ ಜನ ಟ್ವಿಟರ್ ಬಿಟ್ಟು ಹೊರಟಾಗ ಒಂದು ಮ್ಯಾಸ್ಟೊಡಾನ್ ಸರ್ವರ್ ಶುರು ಮಾಡಿದೆ. ಮ್ಯಾಸ್ಟೊಡಾನ್ ಅಂದರೆ ಟ್ವಿಟರ್ ತರದ್ದೇ, ಆದರೆ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟು ನಡೆಸಬಹುದು. ಈಗ ಆರು ನೂರರ ಆಸುಪಾಸು ಅಕೌಂಟ್ ಇವೆ. ಅರ್ಧದಷ್ಟು ಜನ ಕನ್ನಡದವರು. ಎಂಎಸ್ ಓದುವ ಹುಡುಗರು, ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿರುವವರು, ಅವರ ಮನೆಯವರಿಗೆ ಕೊಡುವ ಎಚ್-4ನಲ್ಲಿ ಮನೆಯಲ್ಲೇ ಇರುವ ಹೆಣ್ಣುಮಕ್ಕಳು. ಉಳಿದವರು ನಮ್ಮ ಸುತ್ತಮುತ್ತಲಿನ ಗುಜರಾತಿಗಳು, ಎಕ್ವಡಾರ್ ಮತ್ತು ಗ್ವಾಟೆಮಾಲದವರು.

2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರು ಸೋಶಿಯಲ್ ಮೀಡಿಯಾ ಪ್ರೊಫೈಲನ್ನು ಪಬ್ಲಿಕ್ ಮಾಡಬೇಕು ಅಂತ ಅಮೆರಿಕ ಹೇಳಿತು. ಡಿಸೆಂಬರ್‌ನಲ್ಲಿ ಅದು ಎಚ್-1ಬಿ, ಎಚ್-4ಗೂ ಬಂತು. ಜೂನ್‌ನಲ್ಲೇ ಧಾರವಾಡದ ಹುಡುಗಿಯೊಬ್ಬಳು ಕೇಳಿದ್ದಳು, "ಅಣ್ಣಾ, ನಮ್ಮ ವಿವರ ನಿಮ್ಮ ಹತ್ರ ಎಷ್ಟೈತಿ?" "ಏನೂ ಇಲ್ಲಮ್ಮ" ಅಂದುಬಿಟ್ಟೆ. ರಾತ್ರಿ ಡೇಟಾಬೇಸ್ ತೆಗೆದು ನೋಡಿದೆ. ನಾನು ಅವಳಿಗೆ ಹೇಳಿದ್ದು ಸುಳ್ಳಾಗಿತ್ತು.

ಆ ಶನಿವಾರ ನಾನೇ ಒಂದು ನಕಲಿ ಸಬ್‌ಪೀನಾ ಬರೆದೆ. ಗೆಳೆಯನೊಬ್ಬ ಅಧಿಕಾರಿಯಾದ. ಅವನು ಕೇಳಿದ್ದನ್ನೆಲ್ಲ ನಾನು ಹುಡುಕಿ ಕೊಡಬೇಕು. ನಮ್ಮಲ್ಲಿ ಬಹಳ ಜನ ಸರ್ಕಾರ ನಮ್ಮ ಡಿಎಂ (ಖಾಸಗಿ ಮೆಸೇಜು) ಓದಿಬಿಟ್ಟರೆ ಅಂತ ಹೆದರುತ್ತಾರೆ. ಪಬ್ಲಿಕ್ ಅಲ್ಲದ ಪೋಸ್ಟ್ ಮತ್ತು ಮೆಸೇಜಿನ ಒಳಗಿನ ಮಾತು ಬೇಕಾದರೆ ನ್ಯಾಯಾಧೀಶರ ವಾರಂಟ್ ತರಬೇಕು. ಕೇವಲ ಸಬ್‌ಪೀನಾದಲ್ಲಿ ಕೇಳಬಹುದಾದದ್ದು ಹೆಸರು, ವಿಳಾಸ, ಫೋನ್, ಲಾಗಿನ್ ಹೊತ್ತು, ಐಪಿ, ಹಣ ಕಟ್ಟಿದ ಬಗೆ, ಇಂಥವು. ಒಬ್ಬರ ಮನೆ ಬಾಗಿಲು ಹುಡುಕೋಕೆ ಅಷ್ಟೇ ಸಾಕಲ್ವಾ?

ಎರಡು ತಾಸಿನಲ್ಲಿ ಗೆಳೆಯನ ಕೈಗೆ ಎಲ್ಲ ಸಿಕ್ಕಿತು. ಯಾರು ಯಾವಾಗ ಒಳಗಿದ್ದಾರೆ ಅಂತ ಬರೆದಿಡುವ ಮ್ಯಾಸ್ಟೊಡಾನ್ ಸೆಶನ್ ಟೇಬಲ್‌ನಲ್ಲಿ ಐಪಿ ಇತ್ತು, ಲಾಗಿನ್ ಇತಿಹಾಸದಲ್ಲಿ ಇತ್ತು. ಅದನ್ನು ಸುಮ್ನೆ ಬಿಟ್ಟರೆ ಒಂದು ವರ್ಷ ಇಟ್ಟುಕೊಳ್ಳುತ್ತೆ. ಸರ್ವರ್‌ನ ಮುಂಬಾಗಿಲಿನ ಹಾಗಿರುವ ಎನ್‌ಜಿನ್‌ಎಕ್ಸ್ ಪ್ರೋಗ್ರಾಂನ ಲಾಗ್‌ನಲ್ಲಿ ಹದಿನಾಲ್ಕು ದಿನದ್ದಿತ್ತು. ಒಳನುಗ್ಗಲು ನೋಡುವವರನ್ನು ತಡೆಯುವ ಫೇಲ್‌ಟುಬ್ಯಾನ್‌ನಲ್ಲಿ ಇನ್ನೊಂದಷ್ಟು. ನನ್ನ ಹೊಟ್ಟೆ ತೊಳಸಿದ್ದು "ಯಾಕೆ ಸೇರಬೇಕು?" ಅಂತ ಕೇಳುವ ಜಾಗ ನೋಡಿ. ಅಲ್ಲಿ ಜನ ಮನಸ್ಸು ಬಿಚ್ಚಿ ಬರೆದಿದ್ದರು. ಊರು, ಕಾಲೇಜು, ಗಂಡನ ಕಂಪನಿ, ವೀಸಾ ಮುಗಿಯುವ ತಿಂಗಳು. ಒಬ್ಬರು ಲೇಆಫ್ ಆಗಿ ಎಷ್ಟು ದಿನ ಆಯಿತು ಅಂತಲೂ ಬರೆದಿದ್ದರು. ಎರಡೂವರೆ ವರ್ಷದಿಂದ ಅದೆಲ್ಲ ನನ್ನ ಟೇಬಲ್‌ನಲ್ಲಿ ಬಿದ್ದಿತ್ತು.

ದುಡ್ಡಿನದು ಇನ್ನೊಂದು ಕಥೆ. ಎಚ್-1ಬಿ ಮೇಲಿರುವ ನಾನು, ಅದು ಬೇರೆ ಆದಾಯ ಅನ್ನಿಸಿಕೊಂಡೀತು ಅಂತ, ದೇಣಿಗೆ ತೆಗೆದುಕೊಳ್ಳುವುದಿಲ್ಲ. ಆದರೆ ಮೊದಲ ವರ್ಷ ಏಳೆಂಟು ಗೆಳೆಯರು ಸರ್ವರ್ ಬಾಡಿಗೆ ಹಂಚಿಕೊಂಡಿದ್ದರು. ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಝೆಲ್‌ನಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ತಮ್ಮ ಹ್ಯಾಂಡಲ್ (ಸರ್ವರ್‌ನಲ್ಲಿನ ಹೆಸರು) ಬರೆದಿದ್ದರು. ಹ್ಯಾಂಡಲ್ ಪಕ್ಕದಲ್ಲೇ ನಿಜವಾದ ಹೆಸರು, ಬ್ಯಾಂಕಿನ ದಾಖಲೆಯಲ್ಲಿ! ಅದನ್ನು ನಾನು ಅಳಿಸೋಕಾಗಲ್ಲ. ಆ ಗೆಳೆಯರಿಗೆ ಹೇಳಿದೆ, ಅವರು ಹೊಸ ಅಕೌಂಟ್ ಮಾಡಿಕೊಂಡರು. ಅವತ್ತಿನಿಂದ ಪೂರ್ತಿ ಖರ್ಚು ನನ್ನದೇ.

ಕ್ಲೀನಪ್‌ಗೆ ಮೊದಲು ಮಾಡಿದ್ದು ಸುಲಭದ ಕೆಲಸ. ಐಪಿ ಮತ್ತು ಸೆಶನ್ ಉಳಿಸುವ ಅವಧಿಯನ್ನು ವರ್ಷದಿಂದ ಒಂದು ದಿನಕ್ಕೆ ಇಳಿಸಿದೆ. ಎನ್‌ಜಿನ್‌ಎಕ್ಸ್ ಲಾಗ್‌ನಿಂದ ಐಪಿ ತೆಗೆದೆ. ಖುಷಿಯಾಗಿ ಎರಡನೇ ಸಲ ನಕಲಿ ಸಬ್‌ಪೀನಾ ಆಟ ಆಡಿದೆವು. ಗೆಳೆಯ ಕೇಳಿದ, "ಬ್ಯಾಕಪ್ ಎಲ್ಲೋ?" ಹನ್ನೊಂದು ತಿಂಗಳ ಡೇಟಾಬೇಸ್ ಬ್ಯಾಕಪ್ ಬೇರೆ ಕಂಪನಿಯ ಸ್ಟೋರೇಜ್‌ನಲ್ಲಿ ಹಾಗೇ ಇತ್ತು. ಸರ್ವರ್ ಬಾಡಿಗೆ ಕೊಡುವವರು ವಾರಕ್ಕೊಮ್ಮೆ ತೆಗೆಯುವ ಪೂರ್ತಿ ನಕಲು, ಅಂದರೆ ಸ್ನ್ಯಾಪ್‌ಶಾಟ್, ಬೇರೆ. ಈಗ ಸ್ನ್ಯಾಪ್‌ಶಾಟ್ ಇಲ್ಲ. ನನ್ನ ಬ್ಯಾಕಪ್ ಏಳು ದಿನದ್ದು ಮಾತ್ರ, ಅದೂ ಬೀಗ ಹಾಕಿದ್ದು.

ಒಂದು ದಿನದ ಐಪಿ ಇದ್ದರೂ ಅದು ಐಪಿಯೇ ಅಲ್ವಾ? ನಿಜವಾದ ವಿಳಾಸ ಮ್ಯಾಸ್ಟೊಡಾನ್ ಒಳಗೆ ಬರಲೇಬಾರದು ಅಂತ ಹಟ ಹಿಡಿದೆ. "ಗುರು, ಐಪಿ ಇಲ್ದೆ ಸ್ಪ್ಯಾಮ್ ಹೆಂಗೆ ತಡೀತೀಯ? ಒಂದು ವಾರದಲ್ಲಿ ಮುಚ್ಕೊಂಡು ಹೋಗ್ತೀಯ" ಅಂದ ಒಬ್ಬ ಗೆಳೆಯ. ಅವನ ಮಾತು ಒಂದೇ ದಿನದಲ್ಲಿ ನಿಜವಾಯಿತು. ಎನ್‌ಜಿನ್‌ಎಕ್ಸ್‌ನಿಂದ ಎಲ್ಲರಿಗೂ ಒಂದೇ ವಿಳಾಸ ಹಾಕಿ ಕಳಿಸಿದ್ದೆ. ರ‍್ಯಾಕ್ ಅಟ್ಯಾಕ್ (ಒಂದೇ ವಿಳಾಸದಿಂದ ಮಿತಿ ಮೀರಿ ಬಂದರೆ ತಡೆಯುವ ಪ್ರೋಗ್ರಾಂ) ಆರು ನೂರು ಜನರನ್ನೂ ಒಬ್ಬನೇ ಅಂದುಕೊಂಡು ಬಾಗಿಲು ಹಾಕಿತು. ಅವತ್ತು ದೀಪಾವಳಿ. ಶುಭಾಶಯ ಹಾಕೋಕೆ ಜನ ಮುಗಿಬಿದ್ದ ಸಂಜೆಯೇ ಯಾರಿಗೂ ಲಾಗಿನ್ ಆಗಲಿಲ್ಲ.

ಆಮೇಲೆ ಹೊಳೆದಿದ್ದೇ ನನ್ನ ಈಗಿನ ಪದ್ಧತಿ. ನಿಜವಾದ ಐಪಿಗೆ ಸಾಲ್ಟ್ ಅನ್ನೋ ಒಂದು ಗುಟ್ಟಿನ ಸಂಖ್ಯೆ ಸೇರಿಸಿ ಹ್ಯಾಶ್ ಮಾಡುತ್ತೇನೆ, ಅಂದರೆ ವಾಪಸ್ ಬಿಡಿಸೋಕಾಗದ ಹಾಗೆ ಕಲಸಿಬಿಡುತ್ತೇನೆ. ಅದರಿಂದ ಒಂದು ಸುಳ್ಳು ಐಪಿವಿ6 (ಹೊಸ ಮಾದರಿಯ, ಉದ್ದದ ಐಪಿ) ವಿಳಾಸ ಕಟ್ಟಿ ಒಳಗೆ ಕಳಿಸುತ್ತೇನೆ. ಉದಾಹರಣೆಗಳಿಗೆಂದೇ ಮೀಸಲಿಟ್ಟ ಸಾಲಿನದು, ಯಾರಿಗೂ ಸೇರಿದ್ದಲ್ಲ. ಸಾಲ್ಟ್ ಇರೋದು ಮೆಮೊರಿಯಲ್ಲಿ ಮಾತ್ರ, ದಿನಕ್ಕೊಮ್ಮೆ ಬದಲಾಗುತ್ತೆ. ನಿನ್ನೆಯ ಸಾಲ್ಟ್ ನನಗೂ ಸಿಗಲ್ಲ. ಒಬ್ಬೊಬ್ಬರು ಬೇರೆ ಬೇರೆ ಕಾಣುತ್ತಾರೆ, ಅತಿಯಾಗಿ ಬರುವವರನ್ನು ತಡೆಯುವ ರೇಟ್ ಲಿಮಿಟ್ ಸರಿಯಾಗಿ ನಡೆಯುತ್ತೆ, ಆದರೆ ಯಾರು ಎಲ್ಲಿಂದ ಬಂದರು ಅಂತ ಮಾತ್ರ ಗೊತ್ತಾಗಲ್ಲ.

ಇದೂ ಮೊದಲ ಸಲಕ್ಕೆ ನಡೆಯಲಿಲ್ಲ. ಹ್ಯಾಶನ್ನು ವಿಳಾಸದ ಕೊನೆಯ ಅರ್ಧದಲ್ಲಿ ಇಟ್ಟಿದ್ದೆ. ಮ್ಯಾಸ್ಟೊಡಾನ್ ಐಪಿವಿ6ನಲ್ಲಿ ಮೊದಲ ಅರ್ಧ (64 ಬಿಟ್) ಮಾತ್ರ ನೋಡಿ ಲೆಕ್ಕ ಹಾಕುತ್ತೆ. ಮತ್ತೆ ಎಲ್ಲರೂ ಒಬ್ಬರೇ ಆದರು! ಮೂರು ರಾತ್ರಿ ಹೋಯಿತು ಅದನ್ನು ಹಿಡಿಯೋಕೆ. ಹ್ಯಾಶನ್ನು ಮೊದಲ ಅರ್ಧಕ್ಕೆ ತಂದ ಮೇಲೆ ಸಮ ಆಯಿತು. ಸಾಲ್ಟ್ ಬದಲಾಗುವ ಹೊತ್ತಿಗೆ ಲಾಗಿನ್ ಆಗಿರುವವರಿಗೆ ತೊಂದರೆ ಆಗದ ಹಾಗೆ ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಸ್ಪ್ಯಾಮ್ ಈಗ ತಿಂಗಳಿಗೆ ನಾಲ್ಕೈದು ಅಕೌಂಟ್ ಅಷ್ಟೇ, ಮೊದಲಿಗಿಂತ ಕಡಿಮೆ. ಸೇರುವಾಗ ಒಂದು ಪ್ರಶ್ನೆ ಕೇಳುತ್ತೇವೆ, ಉತ್ತರ ನೋಡಿ ತಕ್ಷಣ ಅಳಿಸುತ್ತೇವೆ. ಪ್ರಶ್ನೆ ಏನಂತ ಹೇಳಿದರೆ ಸ್ಪ್ಯಾಮ್ ಮಾಡುವವರೂ ಓದುತ್ತಾರೆ.

ನಡುವೆ ಈಮೇಲ್ ವಿಳಾಸವನ್ನೂ ಹ್ಯಾಶ್ ಮಾಡಿ ಇಡೋಕೆ ನೋಡಿದೆ. ಪಾಸ್‌ವರ್ಡ್ ಮರೆತವರಿಗೆ ದಾರಿಯೇ ಇಲ್ಲದ ಹಾಗಾಯಿತು, ಕೈಬಿಟ್ಟೆ. ಬಂದವರು ಎಲ್ಲಿಂದ ಅಂತ ಮರೆಮಾಡುವ ಟಾರ್ ಜಾಲದಲ್ಲಿ ಬರೋಕೆ ಬೇರೊಂದು (ಆನಿಯನ್) ವಿಳಾಸವೂ ಕೊಟ್ಟಿದ್ದೇನೆ, ಹತ್ತು ಜನ ಬಳಸಿದರೆ ಹೆಚ್ಚು. ಈ ದಾರಿಯಲ್ಲಿ ನನಗೆ ಮಾದರಿ ಸಿಗ್ನಲ್ ಅನ್ನೋ ಮೆಸೇಜಿಂಗ್ ಆ್ಯಪ್. 2016ರಲ್ಲಿ ವರ್ಜೀನಿಯದಿಂದ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೋ ಬೇಡವೋ ಅಂತ ನೋಡುವ ನಾಗರಿಕರ ತಂಡ) ಸಬ್‌ಪೀನಾ ಬಂದಾಗ ಅವರ ಹತ್ರ ಕೊಡೋಕೆ ಇದ್ದದ್ದು ಅಕೌಂಟ್ ತೆರೆದ ದಿನ ಮತ್ತು ಕೊನೆಗೆ ಕನೆಕ್ಟ್ ಆದ ದಿನ, ಎರಡೇ.

ಇನ್ನು ಕಾಗದ ಬಂದ ದಿನ. ಮೊದಲು ವಕೀಲರಿಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ಇವತ್ತು ಏನಾದರೂ ಅಳಿಸಿದಿರಾ?" ಇದನ್ನು ನಾವೆಲ್ಲ ಗಟ್ಟಿಯಾಗಿ ನೆನಪಿಡಬೇಕು. ದಿನಾ ಅಳಿಸುವ ನಿಯಮ ಮೊದಲೇ ಇರಬೇಕು, ಪ್ರೈವಸಿ ಪಾಲಿಸಿಯಲ್ಲಿ ಬರೆದಿರಬೇಕು. ಕಾಗದ ಕೈಗೆ ಬಂದ ಮೇಲೆ ಆ ಅಕೌಂಟಿನದು ಒಂದು ಸಾಲೂ ಮುಟ್ಟಬಾರದು. ಮುಟ್ಟಿದರೆ ಸಾಕ್ಷಿ ನಾಶದ ಕೇಸು ನಮ್ಮ ಮೇಲೇ. ಆ ಅಕೌಂಟಿನ ಕ್ಲೀನಪ್ಪನ್ನು ನಿಲ್ಲಿಸಿದೆ. ಒಳಗೆ ಇದ್ದದ್ದು ಸುಳ್ಳು ವಿಳಾಸಗಳೇ ಆದ್ದರಿಂದ ಕೈ ನಡುಗಲಿಲ್ಲ.

"ಸದಸ್ಯರಿಗೆ ತಿಳಿಸಬೇಡಿ" ಅಂತ ಕಾಗದದಲ್ಲಿ ಇತ್ತು. ಅದು ಕೋರಿಕೆ, ಕೋರ್ಟಿನ ಆದೇಶ ಅಲ್ಲ ಅಂದರು ವಕೀಲರು. ಸಂಜೆಯೇ ಸದಸ್ಯರಿಗೆ ತಿಳಿಸಿದೆ. ಅವರಿಗೆ ಕಾನೂನು ನೆರವಿನ ಸಂಸ್ಥೆಯೊಂದರಿಂದ ಬಿಟ್ಟಿ ವಕೀಲರು ಸಿಕ್ಕರು. ನನಗೆ ಬಿಟ್ಟಿ ಸಿಗಲಿಲ್ಲ. ಗಂಟೆಗೆ 400 ಡಾಲರ್, ಮೂರೂವರೆ ಗಂಟೆ. ಸರ್ವರ್ ಬಾಡಿಗೆ ತಿಂಗಳಿಗೆ 50ರ ಹತ್ತಿರ. ಎಲ್ಲ ಸೇರಿ ಆ ವರ್ಷ 2,000 ಡಾಲರ್ ಆಗಿರಬೇಕು. ಊರಿಗೆ ಹೋಗುವ ಟಿಕೆಟ್ ಮುಂದಕ್ಕೆ ಹಾಕಿದೆವು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ, ಕಾಗದ ನೋಡಿದ ಮೇಲೆ "ಕೊಡಬೇಡಿ" ಅಂದಳು ಅಷ್ಟೇ.

ಈ ತರದ ಸಬ್‌ಪೀನಾ ತನ್ನಷ್ಟಕ್ಕೆ ತಾನೇ ಜಾರಿಯಾಗಲ್ಲ. ಕೊಡಲ್ಲ ಅಂದರೆ ಅವರು ಫೆಡರಲ್ ಕೋರ್ಟಿಗೆ ಹೋಗಿ ಆದೇಶ ತರಬೇಕು. 2017ರ ಏಪ್ರಿಲ್‌ನಲ್ಲಿ ಟ್ವಿಟರ್ ಹೀಗೇ ಒಂದು ಸಮನ್ಸ್ ವಿರುದ್ಧ ಕೇಸು ಹಾಕಿತು. ವಲಸೆ ನೀತಿಯನ್ನು ಟೀಕಿಸುತ್ತಿದ್ದ ಅಕೌಂಟ್ ಯಾರದು ಅಂತ ಆಮದು ಸುಂಕದ ಕಾನೂನು ಹಿಡಿದು ಕೇಳಿದ್ದರು. ಮರುದಿನವೇ ಸರ್ಕಾರ ವಾಪಸ್ ತಗೊಂಡಿತು. ಪೆನ್ಸಿಲ್ವೇನಿಯದ ಮಾಂಟ್‌ಗೊಮರಿ ಕೌಂಟಿಯ ಜನರ ಅಕೌಂಟ್ ಬಗ್ಗೆ 2025ರಲ್ಲಿ ಮೆಟಾಗೆ ಸಮನ್ಸ್ ಹೋದಾಗಲೂ ಆ ಅಕೌಂಟಿನವರು ಕೋರ್ಟಿಗೆ ಹೋದ ಮೇಲೆ, 2026ರ ಜನವರಿಯಲ್ಲಿ, ಹಿಂದೆಗೆದುಕೊಂಡರು. ನಮ್ಮ ವಕೀಲರು ಒಂದೂವರೆ ಪುಟದ ಪತ್ರ ಬರೆದರು. ಅಕೌಂಟ್ ತೆರೆದ ದಿನ ಮತ್ತು ಒಂದು ಈಮೇಲ್ ನಮ್ಮಲ್ಲಿದೆ, ಕೋರ್ಟ್ ಹೇಳಿದರೆ ಮಾತ್ರ ಕೊಡುತ್ತೇವೆ, ಹೆಸರು, ಫೋನ್, ನಿಜವಾದ ಐಪಿ, ಹಣದ ವಿವರ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ. ಆಮೇಲೆ ಬಂದಿದ್ದೇ ಆ ಎರಡು ಸಾಲು.

ಒಂದು ಮಾತು, ವೀಸಾ ಫಾರ್ಮ್‌ನಲ್ಲಿ ಕೇಳಿದ ಅಕೌಂಟನ್ನು ನಿಜವಾಗಿ ಬರೆಯಲೇಬೇಕು. ನಾನು ಮಾಡಿದ್ದು ಅದನ್ನು ಮುಚ್ಚಿಡೋಕೆ ಅಲ್ಲ.

ಈಮೇಲ್ ವಿಷಯ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಸದಸ್ಯರು ಅಲಿಯಾಸ್ ವಿಳಾಸ (ನಿಜವಾದ ಈಮೇಲ್ ಮುಚ್ಚಿಟ್ಟು ಮೇಲ್ ದಾಟಿಸುವ ಇನ್ನೊಂದು ವಿಳಾಸ) ಕೊಟ್ಟಿದ್ದರು, ಬಚಾವಾಯಿತು. ಎಲ್ಲರೂ ಅಲಿಯಾಸ್ ಮಾಡಿಕೊಳ್ಳಿ ಅಂತ ಮಾರ್ಚ್‌ನಿಂದ ಹೇಳುತ್ತಿದ್ದೇನೆ, ಇನ್ನೂರು ಜನ ಮಾಡಿಕೊಂಡಿದ್ದಾರೆ. ಉಳಿದವರಿಗೆ ಭಾನುವಾರ ಸಂಜೆ ಫೋನ್‌ನಲ್ಲಿ ಒಬ್ಬೊಬ್ಬರಿಗೇ ಕೂತು ಹೇಳಿಕೊಡುತ್ತಿದ್ದೇನೆ. ಧಾರವಾಡದ ಹುಡುಗಿಯದು ಹೋದ ವಾರ ಆಯಿತು.